ಔಷಧಿ ಹೊಡೆಯುವ ಮುನ್ನ ಎಲೆ ತಿರುಗಿಸಿ ನೋಡಿ

ಮಳವಳ್ಳಿ ಕಡೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ನಮಗೆ ಶಿವರಾತ್ರಿ ಕಳೆಯಿತೆಂದರೆ ಗಿಡದ ರಸ ಹೀರುವ ಹಿಟ್ಟು ತಿಗಣೆಯ ಚಿಂತೆ. ಬಿಸಿಲು ಬಲಿತಂತೆ ಅದು ಮೊದಲು ಬದುವಿನ ಪರಂಗಿ ಗಿಡ, ಪಾರ್ಥೇನಿಯಂ ಕಳೆಗೆ ಹತ್ತಿ, ಆಮೇಲೆ ಸೊಪ್ಪಿಗೆ ಇಳಿಯುತ್ತದೆ. ಕಂಡ ತಕ್ಷಣ ಪಂಪು ಹೆಗಲಿಗೆ ಏರಿಸಬೇಡಿ. ತಿಗಣೆ ಹೆಚ್ಚಿದ ಮೇಲೆಯೇ ಅದರ ಮೈಯೊಳಗೆ ಬೆಳೆದು ಅದನ್ನು ಕೊಲ್ಲುವ ಪರತಂತ್ರ ಕಣಜವೂ ಹೆಚ್ಚುವುದು. ನಡುವಿನ ಆ ಕೆಲವು ವಾರಗಳಲ್ಲಿ ಔಷಧಿ ಹೊಡೆದರೆ ಮೊದಲು ಸಾಯುವುದು ಕಣಜ.

ಪಪ್ಪಾಯಿ ಹಿಟ್ಟು ತಿಗಣೆ ಎಂಬ ಈ ಜಾತಿ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಅದರ ಹತೋಟಿಗೆಂದೇ 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿದ ಕಣಜಗಳಲ್ಲಿ ಅಸೆರೋಫೇಗಸ್ ಪಪಾಯೆ ಒಂದು. ಒಂದು ಮಿಲಿಮೀಟರ್‌ಗಿಂತ ಚಿಕ್ಕದು. ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣದ ಹಾಗಲ್ಲ, ಇದು ಹುಳುವಿನ ತಂಟೆಗೆ ಬರುವುದಿಲ್ಲ. ಎಳೆಯ ತಿಗಣೆಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಂದು ಬೆಳೆಯುತ್ತದೆ.

ಭೂತಗನ್ನಡಿ ಹಿಡಿದು ಎಲೆಯ ಅಡಿಭಾಗ ನೋಡಿ. ಜೀವಂತ ತಿಗಣೆ ಬಿಳಿ ಹಿಟ್ಟು ಹೊದ್ದಿರುತ್ತದೆ, ಉಗುರಿನಿಂದ ಒತ್ತಿದರೆ ಹಳದಿ ರಸ ಬರುತ್ತದೆ. ಕಣಜ ಹೊಕ್ಕ ತಿಗಣೆ ಊದಿಕೊಂಡು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಅದರ ಮೇಲೆ ದುಂಡನೆಯ ತೂತಿದ್ದರೆ ಕಣಜ ಆಗಲೇ ಹಾರಿಹೋಗಿದೆ. ಅನುಮಾನವಿದ್ದರೆ ಅಂಥ ಎಲೆಗಳನ್ನು ಗಾಜಿನ ಶೀಶೆಗೆ ಹಾಕಿ, ಬಾಯಿಗೆ ಒತ್ತಾದ ನೇಯ್ಗೆಯ ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಎರಡು ಮೂರು ವಾರಗಳೊಳಗೆ ಬೆಳಕಿನ ಕಡೆಯ ಗಾಜಿನ ಮೇಲೆ ಸಣ್ಣ ಚುಕ್ಕೆಗಳು ಓಡಾಡುತ್ತವೆ. ಅವನ್ನು ಕಂಡಾಗ ನನಗಾಗುವ ಸಮಾಧಾನ ಯಾವ ಔಷಧಿ ಡಬ್ಬಿಯಿಂದಲೂ ಆಗಿಲ್ಲ. ಶೀಶೆಯನ್ನು ತೋಟದಲ್ಲೇ ತೆರೆದು ಬಿಡಿ.

ಇರುವೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಅದು ಕಾವಲು ನಿಂತು ಕಣಜವನ್ನು ಓಡಿಸುತ್ತದೆ. ಸಾಲುಗಟ್ಟಿ ಇರುವೆ ಹತ್ತುತ್ತಿರುವ ಗಿಡದಲ್ಲಿ ಕಂದು ತಿಗಣೆ ಹುಡುಕಿದರೂ ಸಿಗುವುದು ಅಪರೂಪ. ಬದುವಿನ ಇರುವೆ ಗೂಡು ಅಗೆದು ಹಾಕಿ, ಪಾರ್ಥೇನಿಯಂ ಹೂ ಬಿಡುವ ಮೊದಲೇ ಕಿತ್ತುಬಿಡಿ.

ತಿಗಣೆ ಮುತ್ತಿದ ತುದಿಗಳನ್ನು ಕತ್ತರಿಸಿದ ಕೂಡಲೇ ಸುಡಬೇಡಿ. ಸೋಪು ನೀರು ತುಂಬಿದ ಅಗಲವಾದ ತಟ್ಟೆಯ ನಡುವೆ ಕಲ್ಲಿಟ್ಟು, ಅದರ ಮೇಲೆ ಬುಟ್ಟಿಯಲ್ಲಿಡಿ, ಗಾಳಿ ಬಡಿಯದ ಕಡೆ. ಮರಿ ತಿಗಣೆಗಳು ನೀರು ದಾಟಲಾರವು, ಕಣಜಗಳು ಹಾರಿ ತೋಟ ಸೇರುತ್ತವೆ. ಮೂರು ವಾರ ಬಿಟ್ಟು ಸುಡಿ.

ಮುಂಗಾರಿನ ಜೋರು ಮಳೆಗೆ ತಿಗಣೆ ತೊಳೆದುಹೋಗಿ ಕಣಜವೂ ಕಡಿಮೆಯಾಗುತ್ತದೆ. ಆಗ ಬದುವಿನಲ್ಲಿ ಒಂದೆರಡು ಪರಂಗಿ ಗಿಡಗಳನ್ನು ಔಷಧಿ ಮುಟ್ಟಿಸದೆ ಉಳಿಸಿ. ಅಲ್ಲಿ ನಾಲ್ಕಾರು ತಿಗಣೆ ಉಳಿದರೆ ಮುಂದಿನ ಬೇಸಿಗೆಗೆ ಕಣಜದ ಬೀಜ ಅಲ್ಲೇ ಇರುತ್ತದೆ.