ಹೊಲದಲ್ಲಿ ಗಾಯ ಆದ್ಮೇಲೆ ಕುದುರೆ ಯಾಕೋ ಸಪ್ಪಗಿದ್ರೆ ಏನ್ ನೋಡ್ಬೇಕು

ಗಾಯ ಒಣಗ್ತಾ ಇದೆ, ಆದ್ರೂ ಕುದುರೆ ಮೇವು ಮುಟ್ತಿಲ್ಲ, ಮೂಲೇಲಿ ತಲೆ ತಗ್ಗಿಸಿ ನಿಂತಿದೆ ಅಂದ್ರೆ ನಮ್ಮ ಹೊಟ್ಟೆಯೊಳಗೆ ಏನೋ ಕಿವುಚಿದಂಗಾಗತ್ತೆ, ಗೊತ್ತು. ಮೊದ್ಲು ಥರ್ಮಾಮೀಟರ್ ತಗೊಳಿ, ಗುದದಲ್ಲೇ ಇಟ್ಟು ನೋಡ್ಬೇಕು, ಪಕ್ಕದಲ್ಲಿ ನಿಂತ್ಕೊಂಡು, ಹಿಂದೆ ನಿಂತು ಒದೆ ತಿನ್ಬೇಡಿ. ಬೆಳೆದ ಕುದುರೆಗೆ ಸುಮಾರು 37.5 ರಿಂದ 38.5 ಡಿಗ್ರಿ ಸೆಲ್ಸಿಯಸ್ ನಾರ್ಮಲ್. ದವಡೆ ಕೆಳಗೆ ಬೆರಳಿಟ್ಟು ನಾಡಿ ಎಣಿಸಿ, ಸುಮ್ನೆ ನಿಂತಾಗ ನಿಮಿಷಕ್ಕೆ 28 ರಿಂದ 44 ಇರತ್ತೆ. ಲದ್ದಿ ಹಾಕಿದ್ಯಾ, ನೀರು ಕುಡೀತಾ ಅದನ್ನೂ ಬರೆದಿಟ್ಕೊಳಿ.

ಆಮೇಲೆ ಗೊರಸು ಎತ್ತಿ ನೋಡಿ. ಮೊಳೆನೋ ಮುಳ್ಳೋ ಚುಚ್ಚಿದ ತೂತು ಮೇಲೆ ಮುಚ್ಚಿಕೊಂಡು ಒಳಗೆ ಕೀವು ಕಟ್ಟಿರತ್ತೆ, ನಾವು ಮಾತ್ರ ಕಾಣೋ ಗಾಯಕ್ಕೇ ಮುಲಾಮು ಹಚ್ತಾ ಕೂತಿರ್ತೀವಿ! ಕೀಲಿನ ಹತ್ರದ ಗಾಯ ಚಿಕ್ಕದಾದ್ರೂ ಸಸಾರ ಮಾಡ್ಬೇಡಿ.

ಮೈ ಮರಗಟ್ಟಿದಂಗೆ ಬಿಗಿ, ದವಡೆ ತೆರೆಯಕ್ಕಾಗ್ತಿಲ್ಲ, ಕಣ್ಣಿನ ಒಳಮೂಲೆಯ ಪೊರೆ ಅಡ್ಡ ಬರ್ತಿದೆ ಅಂದ್ರೆ ಧನುರ್ವಾಯು ಇರ್ಬಹುದು, ಗಾಯ ಆಗಿ ಒಂದೆರಡು ವಾರ ಆದ್ಮೇಲೂ ಬರತ್ತೆ, ತಕ್ಷಣ ಡಾಕ್ಟರ್ ಕರೀರಿ, ಕೊನೇ ಟಿಟಿ (ಧನುರ್ವಾಯು ತಡೆಯೋ ಚುಚ್ಚುಮದ್ದು) ಯಾವಾಗ ಹಾಕಿಸಿದ್ದು ಅಂತಾನೂ ಹೇಳಿ. ಜ್ವರ, ಒಂಟಿ ಕಾಲಿನ ಊತ, ಕಾಲು ಊರದೇ ಇರೋದು, ಇವಕ್ಕೂ ಬೆಳಗಾಗ್ಲಿ ಅಂತ ಕಾಯ್ಬೇಡಿ. ಮನುಷ್ಯರ ನೋವಿನ ಮಾತ್ರೆ ಅಂತೂ ಕೊಡಲೇಬೇಡಿ.