ಕಡಲು ಮೊದಲು, ಜಾರುಬಂಡಿ ಕೊನೆಗೆ: ನೀರಿನ ಜೊತೆ ಆರು ದಿನದ ಬೇಸಿಗೆ ರಜೆ

ಪರೀಕ್ಷೆ ಮುಗಿದ ಸಂಜೆಯೇ ನಮ್ಮ ಮನೆಯಲ್ಲಿ ಜಗಳ ಶುರುವಾಗುತ್ತದೆ. ಮಗನಿಗೆ ವಾಟರ್ ಪಾರ್ಕ್ ಬೇಕು, ಮಗಳಿಗೆ ದ್ವೀಪ. ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ಸರಿಯಾಗಿ ಜೋಡಿಸಬೇಕು. ನಾವು ಒಂದು ವರ್ಷ ತಪ್ಪಾಗಿ ಜೋಡಿಸಿದ್ದೆವು. ಮೊದಲ ದಿನ ಪಾರ್ಕ್, ಕೊನೆಯ ದಿನ ದ್ವೀಪ. ಅದೂ ಮೇ ತಿಂಗಳ ಕೊನೆಯ ವಾರ. ಮಲ್ಪೆ ತಲುಪಿದರೆ ಜೋರು ಗಾಳಿ, ಅಂದು ಬೋಟ್ ಇಲ್ಲ. ಮಾರನೇ ದಿನ ಆಫೀಸು, ಕಾಯುವ ಹಾಗಿರಲಿಲ್ಲ. ಮಗಳು ಮರಳಲ್ಲಿ ನಿಂತು ದೂರದಲ್ಲಿ ಸಣ್ಣ ಗೆರೆಯಂತೆ ಕಾಣುತ್ತಿದ್ದ ತೆಂಗಿನ ಮರಗಳನ್ನೇ ನೋಡುತ್ತಿದ್ದಳು. 'ಅಷ್ಟು ಹತ್ತಿರ ಇದೆ, ಅಲ್ವಾ ಅಮ್ಮ?' ಅಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ.

ಅಂದಿನಿಂದ ನಮ್ಮದು ಒಂದೇ ಲೆಕ್ಕ. ಪಾರ್ಕ್ ಎಲ್ಲಿಗೂ ಹೋಗುವುದಿಲ್ಲ. ಕಡಲು ಮಾತ್ರ ತನಗೆ ಬೇಕಾದ ದಿನ ಕರೆಯುತ್ತದೆ. ಹಾಗಾಗಿ ಪ್ಲಾನ್ ಕಡಲಿನಿಂದಲೇ ಶುರುವಾಗಲಿ. ಇಲ್ಲಿ ಹೇಳುತ್ತಿರುವುದು ಬೆಂಗಳೂರಿನಿಂದ ಹೊರಟು ಬೆಂಗಳೂರಿಗೆ ಮರಳುವ ಆರು ದಿನದ ಸುತ್ತು.

ದಿನಾಂಕ ಗುರುತು ಮಾಡಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮಳೆಗಾಲದಲ್ಲಿ ದ್ವೀಪದ ಬೋಟುಗಳೂ ನಿಲ್ಲುತ್ತವೆ. ಅದಕ್ಕೂ ಮುಂಚೆ, ಮೇ ಎರಡನೇ ಅರ್ಧದಲ್ಲೇ ಗಾಳಿಯ ಆಟ ಶುರುವಾಗಿರುತ್ತದೆ. ಹಾಗಾಗಿ ಏಪ್ರಿಲ್ ಮೂರನೇ ವಾರದಿಂದ ಮೇ ಮೊದಲ ವಾರದೊಳಗೆ ಹೊರಡುವುದು ಒಳ್ಳೆಯದು. ಬಿಸಿಲು ಜಾಸ್ತಿ, ನಿಜ. ಆದರೆ ಬೋಟ್ ಸಿಗುತ್ತದೆ.

ಭಾನುವಾರ ಹೊರಡಿ. ಆಗ ದ್ವೀಪ ಸೋಮವಾರಕ್ಕೆ ಬರುತ್ತದೆ, ಪಾರ್ಕ್ ಶುಕ್ರವಾರಕ್ಕೆ. ಎರಡೂ ಕಡೆ ವಾರಾಂತ್ಯದ ನೂಕುನುಗ್ಗಲು ತಪ್ಪುತ್ತದೆ. ಐದು ದಿನ ರಜೆ ಹಾಕಿದರೆ ಸಾಕು, ಮನೆಗೆ ಬಂದ ಮೇಲೆ ಸುಧಾರಿಸಿಕೊಳ್ಳಲು ಶನಿವಾರ, ಭಾನುವಾರ ಉಳಿದಿರುತ್ತದೆ.

ಕಾರಿಲ್ಲದವರು ಉಡುಪಿಗೆ ರಾತ್ರಿ ರೈಲು ಹಿಡಿಯಬಹುದು. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಉಡುಪಿ ಮೇಲೇ ಹೋಗುತ್ತದೆ. ರೈಲ್ವೆ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಬೇಸಿಗೆ ರಜೆಯ ಸೀಟು ಬೇಗ ಖಾಲಿ, ತಡ ಮಾಡಬೇಡಿ.

ಮಲ್ಪೆಯಲ್ಲಿ ಒಂದು ದಿನ ಖಾಲಿ ಬಿಡಿ

ಮೊದಲ ದಿನ ಪೂರ್ತಿ ಪ್ರಯಾಣ. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಉಡುಪಿಗೆ ಸುಮಾರು 400 ಕಿ.ಮೀ. ಬೆಳಗಿನ ಜಾವ ಹೊರಟರೆ ಸಂಜೆ ಬೆಳಕಿರುವಾಗಲೇ ತಲುಪಬಹುದು. ಉಡುಪಿ ಅಥವಾ ಮಲ್ಪೆಯಲ್ಲಿ ಮೂರು ರಾತ್ರಿಗೆ ರೂಮು ಹಿಡಿಯಿರಿ. ಎರಡಲ್ಲ, ಮೂರು. ಇಡೀ ಪ್ಲಾನಿನಲ್ಲಿ ನಾನು ಹಟ ಹಿಡಿದು ಹೇಳುವ ಮಾತು ಇದೊಂದೇ. ಮೂರು ರಾತ್ರಿ ಇದ್ದರೆ ಎರಡು ಬೆಳಗು ಪೂರ್ತಿಯಾಗಿ ಕೈಯಲ್ಲಿರುತ್ತವೆ. ಸೋಮವಾರ ಬೋಟ್ ಹೋಗದಿದ್ದರೆ ಮಂಗಳವಾರ ಹೋಗಬಹುದು. ಸೋಮವಾರವೇ ಹೋಯಿತು ಅಂದರೆ ಮಂಗಳವಾರ ಕೃಷ್ಣ ಮಠ ನೋಡಿ, ಸಂಜೆ ಕಾಪುವಿಗೆ ಹೋಗಿ. 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿ ಬಂಡೆಯ ಮೇಲೆ ನಿಂತಿದೆ.

ಹಿಂದಿನ ರಾತ್ರಿ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ ನೋಡಿ. 'ಕಡಲಿಗೆ ಇಳಿಯಬೇಡಿ' ಅಂತಿದ್ದರೆ ಬೋಟ್ ನಂಬಿಕೊಂಡು ಓಡಬೇಡಿ. ರೂಮಿನವರ ಹತ್ತಿರವೂ ಒಂದು ಮಾತು ಕೇಳಿ. ಅಲ್ಲಿನವರಿಗೆ ಗಾಳಿಯ ಗುಣ ಗೊತ್ತು.

ದ್ವೀಪದಲ್ಲಿ ಏನು ನೋಡಬೇಕು

ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ಬೋಟಿನಲ್ಲಿ ಸುಮಾರು ಅರ್ಧ ಗಂಟೆ. ಬೆಳಗಿನ ಮೊದಲ ಬೋಟುಗಳಲ್ಲೇ ಹೋಗಿ. ಮಧ್ಯಾಹ್ನಕ್ಕೆ ಗಾಳಿ ಏಳುತ್ತದೆ, ಬಂಡೆಯೂ ಕಾದು ಕೆಂಡವಾಗುತ್ತದೆ. ಬೋಟ್ ತುಂಬುವಷ್ಟು ಜನ ಸೇರಿದ ಮೇಲೇ ಹೊರಡುವುದು ವಾಡಿಕೆ. ಅಷ್ಟು ಹೊತ್ತು ಮಕ್ಕಳ ಹೊಟ್ಟೆ ತಣ್ಣಗಿರಬೇಕು, ತಿಂಡಿ ಮುಗಿಸಿಯೇ ದಕ್ಕೆಗೆ ಬನ್ನಿ. ಆದರೆ ಹೊಟ್ಟೆ ಬಿರಿಯ ತಿಂದರೆ ಅಲೆಯಲ್ಲಿ ವಾಂತಿ ಗ್ಯಾರಂಟಿ. ಎರಡು ಇಡ್ಲಿ ಸಾಕು. ಲೈಫ್ ಜಾಕೆಟಿನ ಬಕಲ್ ನೀವೇ ಎಳೆದು ನೋಡಿ. ಇಳಿಯುವಾಗ ಕೆಲವೊಮ್ಮೆ ಕಾಲು ನೀರಿಗಿಡಬೇಕಾಗುತ್ತದೆ, ಶೂ ಬೇಡ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸರಿ.

ಇಳಿದ ಕೂಡಲೇ ಮಕ್ಕಳು ಮರಳು ಹುಡುಕುತ್ತಾರೆ. ಇಲ್ಲಿ ಕಾಲಿಗೆ ಸಿಗುವುದು ಹೆಚ್ಚಾಗಿ ಚಿಪ್ಪು. ಬಿಳಿ, ತಿಳಿ ಕಂದು, ಬೆರಳಿನ ಉಗುರಿನಷ್ಟು ಚಿಕ್ಕವು. ನಡೆದರೆ ಚುರುಚುರು ಸದ್ದು. ಸ್ವಲ್ಪ ಮುಂದೆ ಹೋದರೆ ಕಲ್ಲಿನ ಕಂಬಗಳು. ಯಾರೋ ಅಳತೆ ಹಿಡಿದು ಕಡೆದು ನಿಲ್ಲಿಸಿದಂತೆ ಐದು, ಆರು, ಏಳು ಮುಖದ ಕಂಬಗಳು, ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಮಗಳ ಕೈ ಹಿಡಿದು ಒಂದರ ಮುಖಗಳನ್ನು ಎಣಿಸಿದೆವು, ಆರು. ಪಕ್ಕದ್ದು ಐದು.

ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಮಣ್ಣು ಬಿಲ್ಲೆ ಬಿಲ್ಲೆಯಾಗಿ ಬಿರುಕು ಬಿಡುತ್ತದಲ್ಲ, ಹಾಗೆಯೇ ಇದೂ. ನೆಲದೊಳಗಿಂದ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿತು, ಬಿರುಕು ಬಿಟ್ಟಿತು. ಬಿರುಕು ಆಳಕ್ಕೆ ಇಳಿದಂತೆ ಕಂಬಗಳಾದವು. ಇದು ನಡೆದಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಮತ್ತು ಭಾರತ ಬೇರೆಯಾಗುತ್ತಿದ್ದ ಕಾಲದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಗೆ ಬಂದಿದ್ದ, ಮೇರಿಯ ಹೆಸರು ಇಟ್ಟವನು ಅವನೇ ಎನ್ನುವುದು ಜನರ ನಂಬಿಕೆ. ಭೂಪಟ ಒಂದು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಮಡಗಾಸ್ಕರ್ ಈಗ ಎಲ್ಲಿದೆ ಅಂತ ಅಲ್ಲೇ ತೋರಿಸಿದರೆ ಮಕ್ಕಳ ಕಣ್ಣು ಅರಳುತ್ತದೆ.

ಈಜುವ ಆಸೆಯನ್ನು ಇಲ್ಲಿ ಬಿಟ್ಟುಬಿಡಿ. ಪಾಚಿ ಕಟ್ಟಿದ ಕಂಬಗಳು ಸೋಪಿನಂತೆ ಜಾರುತ್ತವೆ, ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಕಾವಲಿನವರು ಸೀಟಿ ಊದಿದರೆ ಮರುಮಾತಿಲ್ಲದೆ ಹಿಂದೆ ಬನ್ನಿ. ನೆರಳು ಕಡಿಮೆ. ಟೊಪ್ಪಿ, ನೀರು ಬೇಕೇ ಬೇಕು. ಚಿಪ್ಪನ್ನು ಜೇಬಿಗೆ ಹಾಕಲು ಬಿಡಬೇಡಿ, ಫೋಟೋ ಸಾಕು. ವಾಪಸ್ ಬೋಟ್ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.

ಹದಿಹರೆಯದ ಮಕ್ಕಳಿದ್ದರೆ ಇನ್ನೂ ಉತ್ತರಕ್ಕೆ ಮುರ್ಡೇಶ್ವರದ ಎದುರು ನೇತ್ರಾಣಿ ಇದೆ, ದಡದಿಂದ ಸುಮಾರು 19 ಕಿ.ಮೀ. ದ್ವೀಪಕ್ಕೆ ಹತ್ತುವುದಲ್ಲ, ಅದರ ಸುತ್ತ ಸ್ಕೂಬಾ ಡೈವಿಂಗ್. ಹುಬ್ಬಳ್ಳಿ, ಧಾರವಾಡದವರಿಗೆ ಕಾರವಾರದ ಕೂರ್ಮಗಡವೇ ಹತ್ತಿರ.

ಬರುವಾಗ ಕಾವೇರಿಯ ದಾರಿ

ಬುಧವಾರ ಮಂಗಳೂರು ದಾಟಿ ರಾಷ್ಟ್ರೀಯ ಹೆದ್ದಾರಿ 275 ಹಿಡಿಯಿರಿ. ಈ ಒಂದೇ ರಸ್ತೆ ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಮೈಸೂರು, ಶ್ರೀರಂಗಪಟ್ಟಣ ಎಲ್ಲವನ್ನೂ ಪೋಣಿಸಿಕೊಂಡು ಬೆಂಗಳೂರಿಗೆ ಬರುತ್ತದೆ. ನೋಡಬೇಕಾದ ಉಳಿದೆಲ್ಲ ಜಾಗಗಳೂ ಇದರ ಆಸುಪಾಸಿನಲ್ಲೇ ಇವೆ. ಘಾಟಿ ಹತ್ತಿ ರಾತ್ರಿ ಮಡಿಕೇರಿ ಅಥವಾ ಕುಶಾಲನಗರದಲ್ಲಿ ಉಳಿಯಿರಿ.

ಗುರುವಾರ ಬೆಳಿಗ್ಗೆ ಕಾವೇರಿ ನಿಸರ್ಗಧಾಮ. ಹೊಳೆಯ ನಡುವಿನ 64 ಎಕರೆ ದ್ವೀಪ, ಹೋಗುವುದು ತೂಗುಸೇತುವೆ ಮೇಲೆ. ಒಳಗೆ ಬಿದಿರು ಮೆಳೆಗಳ ನೆರಳು. ಕಡಲಿನ ಬಿಸಿಲು ತಿಂದು ಬಂದವರಿಗೆ ಆ ತಂಪು ಹಬ್ಬ. ಬೇಸಿಗೆಯಲ್ಲಿ ನೀರು ಕಡಿಮೆ ಕಾಣುತ್ತದೆ, ಆದರೂ ಸಿಕ್ಕಸಿಕ್ಕ ಕಡೆ ಇಳಿಯಬೇಡಿ. ಹೊಳೆಯ ಗುಂಡಿ ಮೇಲಿಂದ ಗೊತ್ತಾಗುವುದಿಲ್ಲ.

ಸಂಜೆಗೆ ರಂಗನತಿಟ್ಟು. 1940ರಿಂದ ಪಕ್ಷಿಧಾಮ. ಕಾವೇರಿಯ ಪುಟ್ಟ ಪುಟ್ಟ ನಡುಗಡ್ಡೆಗಳ ತುಂಬ ಗೂಡುಗಳು. ಅರಣ್ಯ ಇಲಾಖೆಯ ದೋಣಿಯಲ್ಲಿ ಕೂತರೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕು ತೀರಾ ಹತ್ತಿರ ಕಾಣುತ್ತವೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಸಿಗುತ್ತದೆ. ಕೈ ದೋಣಿಯೊಳಗೇ ಇರಲಿ! ಪಕ್ಕದ ಶ್ರೀರಂಗಪಟ್ಟಣವೂ ದ್ವೀಪವೇ. ಕಾವೇರಿಯ ಮೂರು ದ್ವೀಪಗಳಲ್ಲಿ ಇದು ಆದಿರಂಗ, ಶಿವನಸಮುದ್ರ ಮಧ್ಯರಂಗ, ಶ್ರೀರಂಗಂ ಅಂತ್ಯರಂಗ. ಅಲ್ಲೋ ಮೈಸೂರಲ್ಲೋ ರಾತ್ರಿ ಕಳೆಯಿರಿ.

ಕೊನೆಗೆ ಪಾರ್ಕ್

ಪಾರ್ಕ್ ಕೊನೆಗೆ ಇರಲಿ ಎನ್ನಲು ಇನ್ನೊಂದು ಕಾರಣ ಇದೆ. ಮೊದಲೇ ದೊಡ್ಡ ಜಾರುಬಂಡಿ ಹತ್ತಿದ ಮಗುವಿಗೆ ಆಮೇಲೆ ಹಕ್ಕಿ, ಬಂಡೆ ಸಪ್ಪೆ ಅನ್ನಿಸುತ್ತದೆ. ಕೊನೆಗಿಟ್ಟರೆ ದಾರಿಯುದ್ದಕ್ಕೂ ಕಾಯುವ ಖುಷಿ ಇರುತ್ತದೆ.

ಬಿಡದಿ ಹತ್ತಿರದ ವಂಡರ್‌ಲಾ 2005ರಲ್ಲಿ ಶುರುವಾಗಿದ್ದು, ಬೆಂಗಳೂರಿನಿಂದ ಸುಮಾರು 28 ಕಿ.ಮೀ. ಎಕ್ಸ್‌ಪ್ರೆಸ್‌ವೇಯಲ್ಲೇ ನೇರ ಬಂದರೆ ದಾಟಿ ಹೋಗುತ್ತೀರಿ, ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಿರಿ. ಮೈಸೂರಲ್ಲೇ ಮುಗಿಸುವವರಿಗೆ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಚಿಕ್ಕ ಮಕ್ಕಳಿದ್ದರೆ ಇದೇ ಹಾಯಾಗಿ ಆಗುತ್ತದೆ ಎನ್ನುವುದು ನನ್ನ ಅನಿಸಿಕೆ.

ಟಿಕೆಟ್ ತೆಗೆಯುವ ಮುಂಚೆ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಮಕ್ಕಳ ಎತ್ತರ ಅಳೆಯಿರಿ. ಇಂಥ ಪಾರ್ಕುಗಳಲ್ಲಿ ವಯಸ್ಸಿಗಿಂತ ಎತ್ತರವೇ ಮುಖ್ಯ. ದೊಡ್ಡ ಸವಾರಿಗಳ ಬಾಗಿಲಲ್ಲಿ ಅಳತೆಯ ಹಲಗೆ ಇರುತ್ತದೆ. ಒಂದು ಗಂಟೆ ಸಾಲಲ್ಲಿ ನಿಂತು, ಎರಡು ಸೆಂಟಿಮೀಟರ್ ಕಡಿಮೆ ಅಂತ ವಾಪಸ್ ಬರುವ ಮಗುವಿನ ಮುಖ ನೋಡಲಾಗುವುದಿಲ್ಲ. ಯಾವುದಕ್ಕೆ ಬಿಡುತ್ತಾರೆ, ಯಾವುದಕ್ಕಿಲ್ಲ ಅಂತ ಮುಂಚೆಯೇ ಹೇಳಿ ಒಪ್ಪಿಸಿ.

ನೀರಿಗೆ ನೈಲಾನ್ ಬಟ್ಟೆ ಬೇಕು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದರ ನೂಲು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಒಳಗೆ ಬಿಡುವುದಿಲ್ಲ. ಸರ, ಗೆಜ್ಜೆ ಮನೆಯಲ್ಲೇ ಇರಲಿ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಬೆಳಿಗ್ಗೆ ಎಲ್ಲರೂ ಎದುರು ಸಿಗುವ ಸವಾರಿಗೆ ಮುಗಿಬೀಳುತ್ತಾರೆ. ನೀವು ಒಳಗಿನ ಎತ್ತರದ ಜಾರುಬಂಡಿಗಳಿಂದ ಶುರು ಮಾಡಿ. ಒಣ ಸವಾರಿಗಳನ್ನು ನಡು ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟುಕೊಳ್ಳಿ, ಆದರೆ ಉಂಡ ಕೂಡಲೇ ಗಿರಗಿರ ತಿರುಗುವುದು ಬೇಡ. ಅಲೆಯ ಕೊಳದಲ್ಲಿ ಚಿಕ್ಕ ಮಕ್ಕಳು ನಿಮ್ಮ ಕೈಗೆ ಎಟಕುವಷ್ಟು ಹತ್ತಿರ ಇರಬೇಕು. ಲೈಫ್‌ಗಾರ್ಡ್ ಇದ್ದಾರೆ ಅಂತ ಮೊಬೈಲ್ ನೋಡುತ್ತಾ ಕೂರಬೇಡಿ. ಮಗುವಿನ ಮಣಿಕಟ್ಟಿನ ಮೇಲೆ ನೀರಿಗೆ ಅಳಿಸದ ಪೆನ್ನಿನಿಂದ ನಿಮ್ಮ ನಂಬರ್ ಬರೆಯಿರಿ. ನೀರಲ್ಲಿದ್ದರೂ ಬಾಯಾರುತ್ತದೆ, ಗಂಟೆಗೊಮ್ಮೆ ಕರೆದು ಕುಡಿಸಿ.

ಮುಚ್ಚುವ ಮುಕ್ಕಾಲು ಗಂಟೆ ಮುಂಚೆ ನೀರಿನಿಂದ ಎದ್ದುಬಿಡಿ. ಆಮೇಲೆ ಬಟ್ಟೆ ಬದಲಿಸುವ ಕೋಣೆಯ ಮುಂದೆ ಉದ್ದ ಸಾಲು ಇರುತ್ತದೆ. ಸಿಹಿನೀರಿನಲ್ಲಿ ತಲೆಸ್ನಾನ ಮಾಡಿಸಿ, ಇಲ್ಲದಿದ್ದರೆ ಕ್ಲೋರಿನ್‌ಗೆ ಮೈ ತುರಿಸುತ್ತದೆ. ಹೊರಗೆ ಬಂದರೆ ಎಲ್ಲರಿಗೂ ಹಸಿವು, ಬಿಡದಿಯ ತಟ್ಟೆ ಇಡ್ಲಿಯ ಹೋಟೆಲುಗಳು ಹತ್ತಿರದಲ್ಲೇ ಇವೆ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಡಿಕ್ಕಿಗೆ ಹಾಕಿ. ಇನ್ನು ಯಾವ ರೂಮಿನ ಬಾಲ್ಕನಿಯಲ್ಲೂ ಒಣಗಿಸುವ ತಾಪತ್ರಯವಿಲ್ಲ. ರಾತ್ರಿಯೇ ಮನೆ ಟೆರೇಸಿನ ಹಗ್ಗದ ಮೇಲೆ ಹರವಬಹುದು.