ಬ್ರೌಸರನ್ನೇ ಬೀಳಿಸುತ್ತಿದ್ದ ಮೀಡಿಯಾ ಪ್ಲೇಯರ್ ಪ್ಲಗಿನ್: ನಾನು ಸರಿಪಡಿಸಿದ ಬಗೆ

ವಿಂಡೋಸ್ ಎಕ್ಸ್‌ಪಿ ಮತ್ತು ಫೈರ್‌ಫಾಕ್ಸ್ 3.6 ಬ್ರೌಸರ್ ಇರುವ, ನನ್ನ ಗ್ರಾಹಕರ ಕೆಲವು ಹಳೆಯ ಯಂತ್ರಗಳಲ್ಲಿ ವಿಡಿಯೊ ಪುಟದಿಂದ ಹೊರಬಂದ ಕೂಡಲೇ ಇಡೀ ಬ್ರೌಸರ್ ಮುಚ್ಚಿಹೋಗುತ್ತಿತ್ತು. ಬ್ರೌಸರಿನೊಳಗೆ ವಿಡಿಯೊ ನುಡಿಸುವ ವಿಂಡೋಸ್ ಮೀಡಿಯಾ ಪ್ಲೇಯರಿನ ಈ ಪ್ಲಗಿನ್‌ಗೆ ಇನ್ನು ಔಷಧವಿಲ್ಲ, ಯಂತ್ರಗಳನ್ನೇ ಬದಲಿಸಬೇಕು ಎಂದು ನನ್ನ ಕಸುಬಿನವರೇ ನಾಲ್ಕೈದು ಮಂದಿ ತೀರ್ಪು ಕೊಟ್ಟಿದ್ದರು. ಅವೇ ಯಂತ್ರಗಳು ಈಗ ತಿಂಗಳುಗಳಿಂದ ಒಮ್ಮೆಯೂ ಬೀಳದೆ ನಡೆಯುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ವಿಡಿಯೊಗಳನ್ನೆಲ್ಲ ಎಂಪಿ4ಗೆ ಪರಿವರ್ತಿಸಿ ಹೊಸ ಬ್ರೌಸರ್ ಹಾಕಬಾರದೇಕೆ ಎಂದು ಕೇಳುವವರಿಗೆ ಮೊದಲೇ ಉತ್ತರಿಸುತ್ತೇನೆ. ಪುಟಗಳು ಸುಮಾರು ಆರೇಳು ನೂರಿದ್ದವು. ಪ್ರತಿಯೊಂದರಲ್ಲೂ ಪ್ಲೇಯರನ್ನು ನಿಯಂತ್ರಿಸುವ ಸ್ಕ್ರಿಪ್ಟ್ ಕೈಯಿಂದ ಬರೆದದ್ದು. ಅದೆಲ್ಲವನ್ನೂ ತಿದ್ದಿ ಕೊಡಲು ಒಬ್ಬರು ಕೇಳಿದ ಮೊತ್ತದಲ್ಲಿ ಅರ್ಧದಷ್ಟು ಯಂತ್ರಗಳನ್ನು ಹೊಸದಾಗಿಯೇ ಕೊಳ್ಳಬಹುದಿತ್ತು. ಯಂತ್ರಗಳಿಗೆ ಹೊರಗಿನ ಜಾಲದ ಸಂಪರ್ಕವಿಲ್ಲ; ಇದ್ದಿದ್ದರೆ ಇಂತಹ ಹಳೆಯ ಬ್ರೌಸರನ್ನು ಉಳಿಸಿಕೊಳ್ಳುವ ಮಾತನ್ನು ನಾನೂ ಆಡುತ್ತಿರಲಿಲ್ಲ.

ಎಲ್ಲರೂ ಮಾಡುವುದನ್ನೆಲ್ಲ ಮಾಡಿದ್ದಾಗಿತ್ತು. ಪ್ಲಗಿನ್ ಅನ್ನು ತೆಗೆದು ಮತ್ತೆ ಹಾಕಿದೆವು, ಬ್ರೌಸರಿನ ಪ್ರೊಫೈಲಿನಲ್ಲಿ ಪ್ಲಗಿನ್‌ಗಳ ಪಟ್ಟಿ ಇಟ್ಟಿರುವ ಪ್ಲಗಿನ್‌ರೆಜ್.ಡ್ಯಾಟ್ ಕಡತವನ್ನು ಅಳಿಸಿದೆವು, ಪ್ಲೇಯರಿನ ವಿಡಿಯೊ ವೇಗವರ್ಧನೆಯನ್ನು ಪೂರ್ತಿ ಇಳಿಸಿದೆವು. ರಿಜಿಸ್ಟ್ರಿ ಶುದ್ಧಿಗೊಳಿಸುವ ತಂತ್ರಾಂಶಕ್ಕೆ ಕೊಟ್ಟ ಹಣವಂತೂ ನೀರಿಗೆ ಹಾಕಿದಂತಾಯಿತು. ನಮ್ಮ ಪ್ಲಗಿನ್ ಆದ ಎನ್‌ಪಿ-ಎಂಎಸ್‌ಡಬ್ಲ್ಯೂಎಂಪಿ ಮತ್ತು ಅದಕ್ಕಿಂತ ಹಳೆಯದಾದ ಎನ್‌ಪಿಡಿಎಸ್‌ಪ್ಲೇ, ಈ ಎರಡು ಪ್ಲಗಿನ್‌ಗಳೂ ಒಂದೇ ಬಗೆಯ ಕಡತಗಳಿಗೆ ಹಕ್ಕು ಸಾಧಿಸುತ್ತಿದ್ದುದರಿಂದ ಹಳೆಯದನ್ನು ಹುಡುಕದಂತೆ ಬ್ರೌಸರಿಗೆ ಸೂಚಿಸಿದೆ. ಗೊಂದಲ ಕಡಿಮೆಯಾಯಿತು, ಬೀಳುವುದು ನಿಲ್ಲಲಿಲ್ಲ.

ದಾರಿ ತೋರಿದ್ದು 2010ರಲ್ಲಿ ಬಂದ ಫೈರ್‌ಫಾಕ್ಸ್ 3.6.4ನೇ ಆವೃತ್ತಿಯ ಒಂದು ಸೌಲಭ್ಯ. ಪ್ಲಗಿನ್ ಅನ್ನು ಬ್ರೌಸರಿನಿಂದ ಹೊರಗೆ, ಪ್ಲಗಿನ್-ಕಂಟೇನರ್ ಎಂಬ ಪ್ರತ್ಯೇಕ ಪ್ರಕ್ರಿಯೆಯಲ್ಲಿ ನಡೆಸುವ ವ್ಯವಸ್ಥೆ ಅದರಲ್ಲಿ ಬಂತು. ಆದರೆ ಆಗ ಅದು ತಾನಾಗಿ ಅನ್ವಯಿಸುತ್ತಿದ್ದದ್ದು ಫ್ಲ್ಯಾಶ್, ಕ್ವಿಕ್‌ಟೈಮ್, ಸಿಲ್ವರ್‌ಲೈಟ್‌ಗಳಿಗೆ ಮಾತ್ರ. ಬಹುತೇಕರು ಇದನ್ನು ಗಮನಿಸದೆ, ಪ್ರತ್ಯೇಕಿಸಿಯೂ ಬ್ರೌಸರ್ ಬೀಳುತ್ತಿದೆ ಎಂದುಕೊಳ್ಳುತ್ತಾರೆ. ಡಾಮ್.ಐಪಿಸಿ.ಪ್ಲಗಿನ್ಸ್.ಎನೇಬಲ್ಡ್ ಎಂಬುದರ ಮುಂದೆ ನಮ್ಮ ಪ್ಲಗಿನ್ನಿನ ಡಿಎಲ್‌ಎಲ್ ಕಡತದ ಹೆಸರನ್ನು ಸೇರಿಸಿ, ಬ್ರೌಸರಿನ ಒಳ ಸೆಟ್ಟಿಂಗುಗಳ ಪುಟವಾದ ಅಬೌಟ್:ಕಾನ್ಫಿಗ್‌ನಲ್ಲಿ ಹೊಸ ನಮೂದು ಮಾಡಿ ಟ್ರೂ ಎಂದಿಟ್ಟೆ. ಅಂದಿನಿಂದ ಬ್ರೌಸರ್ ನಿಂತಿತು, ಪ್ಲಗಿನ್ ಮಾತ್ರ ಬಿದ್ದಿತು. ಗ್ರಾಹಕರಿಗೆ ಅಷ್ಟೇ ಸಾಕಾಗಿತ್ತು, ನನಗೆ ಸಾಕಾಗಲಿಲ್ಲ.

ಪ್ರತ್ಯೇಕಿಸಿದ್ದರ ನಿಜವಾದ ಲಾಭ ಬೇರೆಯೇ ಇದೆ. ಬಿದ್ದ ಕ್ಷಣದ ಸ್ಥಿತಿಯ ದಾಖಲೆಯಾಗಿ ಉಳಿಯುವ ಮಿನಿಡಂಪ್ ಕಡತದಲ್ಲಿ ಈಗ ಬ್ರೌಸರಿನ ಗದ್ದಲವೆಲ್ಲ ಇಲ್ಲವಾಗಿ ಮಾಡ್ಯೂಲುಗಳ ಪಟ್ಟಿ ಚಿಕ್ಕದಾಗಿತ್ತು. ದೋಷ ಹುಡುಕುವ ತಂತ್ರಾಂಶವಾದ ವಿನ್‌ಡಿಬಿಜಿಯಲ್ಲಿ ತೆರೆದಾಗ ಸ್ಟ್ಯಾಕಿನ (ಆಗ ನಡೆಯುತ್ತಿದ್ದ ಕರೆಗಳ ಸರಣಿಯ) ತುದಿಯಲ್ಲಿ ಕಂಡದ್ದು ಪ್ಲಗಿನ್ ಅಲ್ಲ, ಯಾರೋ ಎಂದೋ ಹಾಕಿದ್ದ ಕೋಡೆಕ್ ಪ್ಯಾಕಿನ ಒಂದು ಡೈರೆಕ್ಟ್‌ಶೋ ಫಿಲ್ಟರ್, ಅಂದರೆ ಸಂಕುಚಿತ ವಿಡಿಯೊವನ್ನು ಬಿಡಿಸಿ ಚಿತ್ರವಾಗಿಸುವ ಘಟಕ. ಡಬ್ಲ್ಯೂಎಂವಿ ಬಗೆಯ ವಿಡಿಯೊ ಇರುವ ಪುಟಗಳು ಸರಿಯಿದ್ದು ಎವಿಐ ಬಗೆಯ ಪುಟಗಳಲ್ಲಿ ಮಾತ್ರ ತೊಂದರೆಯಾಗುತ್ತಿದ್ದುದೇಕೆ ಎಂಬುದೂ ಆಗ ಸ್ಪಷ್ಟವಾಯಿತು: ಈ ಫಿಲ್ಟರ್ ಕೈಹಾಕುತ್ತಿದ್ದದ್ದು ಎವಿಐಗಳಿಗೆ ಮಾತ್ರ. ಪುಟ ಬಿಡುವಾಗ ಪ್ಲಗಿನ್ನಿನ ಕಿಟಕಿ ಮುಚ್ಚಿದ ಮೇಲೂ ಫಿಲ್ಟರಿನ ಥ್ರೆಡ್ ಕೆಲಸ ಮುಂದುವರಿಸುತ್ತಿತ್ತು ಎಂಬುದು ನನ್ನ ಅನುಮಾನ. ಪ್ಲಗಿನ್ ಅನ್ನು ಎಷ್ಟು ಸಲ ಮರುಸ್ಥಾಪಿಸಿದರೂ ಈ ಫಿಲ್ಟರ್ ಕದಲುವುದಿಲ್ಲ, ಎಲ್ಲರೂ ಸೋತದ್ದು ಇಲ್ಲಿಯೇ.

ಅದನ್ನು ನೋಂದಣಿಯಿಂದ ಕಿತ್ತುಹಾಕಿದರೆ ಎವಿಐಗಳಲ್ಲಿ ಧ್ವನಿ ಮಾತ್ರ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಆದ್ದರಿಂದ ಬದಲಿ ಡಿಕೋಡರ್ ಒಂದನ್ನು ಹಾಕಿ, ಹಳೆಯ ಫಿಲ್ಟರಿನ ಸೆಟ್ಟಿಂಗುಗಳಲ್ಲಿ ಯಾವ ತಂತ್ರಾಂಶಗಳೊಳಗೆ ಅದು ತಲೆಹಾಕಬಾರದು ಎಂಬ ಪಟ್ಟಿಯನ್ನು ತೆರೆದೆ. ಅಲ್ಲಿ ಫೈರ್‌ಫಾಕ್ಸ್ ಹೆಸರು ಬರೆದರೆ ಏನೂ ಆಗುವುದಿಲ್ಲ, ಏಕೆಂದರೆ ಫಿಲ್ಟರಿನ ಕಣ್ಣಿಗೆ ಬೀಳುವ ತಂತ್ರಾಂಶ ಈಗ ಪ್ಲಗಿನ್-ಕಂಟೇನರ್. ಆ ಹೆಸರನ್ನು ಬರೆದ ಮೇಲೆ ಬೀಳುವುದು ಪೂರ್ತಿಯಾಗಿ ನಿಂತಿತು. ಬದಲಿ ಡಿಕೋಡರ್ ಯಾವುದು, ಅದರ ಮೆರಿಟ್ ಮೌಲ್ಯವನ್ನು (ಯಾವ ಫಿಲ್ಟರಿಗೆ ಮೊದಲ ಅವಕಾಶ ಎಂದು ನಿರ್ಧರಿಸುವ ಅಂಕಿ) ಎಷ್ಟಕ್ಕೆ ಇಟ್ಟೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ. ಈ ಪರಿಹಾರಕ್ಕೆ ಆದ ಖರ್ಚು ನನ್ನ ಕೂಲಿಯೊಂದೇ, ಯಂತ್ರ ಬದಲಿಸುವ ಅಂದಾಜಿನ ಹತ್ತನೇ ಒಂದು ಭಾಗವೂ ಆಗಲಿಲ್ಲ.

ನಡುವೆ ವಿಎಲ್‌ಸಿ ಎಂಬ ಇನ್ನೊಂದು ಪ್ಲೇಯರಿನ ಪ್ಲಗಿನ್ ಅನ್ನೂ ಪ್ರಯೋಗಿಸಿದೆ. ಎಲ್ಲ ಕಡತಗಳನ್ನೂ ಸಲೀಸಾಗಿ ನುಡಿಸಿತು, ಆದರೆ ಪುಟದ ಸ್ಕ್ರಿಪ್ಟ್ ಕಂಟ್ರೋಲ್ಸ್.ಪ್ಲೇ ಎಂದು ಕರೆದರೆ ಅದು ಪ್ಲೇಲಿಸ್ಟ್.ಪ್ಲೇ ಎಂಬ ಕರೆಗೆ ಮಾತ್ರ ಓಗೊಡುತ್ತದೆ. ನಡುವೆ ಸಣ್ಣದೊಂದು ಸ್ಕ್ರಿಪ್ಟ್ ಸೇರಿಸಿ ಹತ್ತಿಪ್ಪತ್ತು ಪುಟಗಳಲ್ಲಿ ಹೊಂದಿಸಿದ್ದೆನಾದರೂ, ಆರೇಳು ನೂರನ್ನು ನೆನೆದು ಕೈಬಿಟ್ಟೆ.

ಈ ಪ್ಲಗಿನ್‌ಗಳನ್ನು ಒಪ್ಪುವ ಕೊನೆಯ ಫೈರ್‌ಫಾಕ್ಸ್ ಆದ 52 ಇಎಸ್‌ಆರ್ (ದೀರ್ಘಕಾಲದ ಬೆಂಬಲವಿದ್ದ ಆವೃತ್ತಿ) ಅನ್ನೂ ಒಂದು ಯಂತ್ರದಲ್ಲಿ ಹಾಕಿ ನೋಡಿದ್ದೇನೆ. ಅಲ್ಲಿ ಪ್ರತ್ಯೇಕ ಪ್ರಕ್ರಿಯೆ ತಾನಾಗಿಯೇ ಇರುವುದರಿಂದ ಅಬೌಟ್:ಕಾನ್ಫಿಗ್ ನಮೂದು ಬೇಕಿಲ್ಲ, ಫಿಲ್ಟರಿನ ಪಟ್ಟಿಯನ್ನು ತಿದ್ದುವುದು ಮಾತ್ರ ತಪ್ಪಲಿಲ್ಲ. ಹೊಸ ವಿಂಡೋಸ್‌ನಲ್ಲಿ ಹಾಕುವವರು 32 ಬಿಟ್ ಆವೃತ್ತಿಯನ್ನೇ ಆರಿಸಿಕೊಳ್ಳಬೇಕು. 64 ಬಿಟ್ ಆವೃತ್ತಿ ಈ ಪ್ಲಗಿನ್ ಅನ್ನು ಎತ್ತಿಕೊಳ್ಳುವುದೇ ಇಲ್ಲ.